ಅಪ್ಪನ ಜೀಪಿನಲ್ಲಿಟ್ಟ ಪ್ರಸಾದ

ಹೋದ ಆಗಸ್ಟಿನಲ್ಲಿ ಕಾಲೇಜಿನ ಕೆಲಸವೊಂದಕ್ಕೆ ಚಾಮರಾಜನಗರದಿಂದ ಗುಂಡ್ಲುಪೇಟೆಗೆ ಬಸ್ಸಿನಲ್ಲಿ ಹೋಗುತ್ತಿದ್ದೆ. ತೆರಕಣಾಂಬಿ ದಾಟಿದ ಮೇಲೆ ಬಸ್ಸು ಒಂದು ಟ್ರ್ಯಾಕ್ಟರಿನ ಹಿಂದೆ ಸಿಕ್ಕಿಕೊಂಡಿತು. ಅದರ ತುಂಬ ಚೆಂಡುಹೂವಿನ ಮೂಟೆಗಳು. ರಾತ್ರಿಯ ಮಳೆಗೆ ನೆನೆದು ಬೆಳಗಿನ ಬಿಸಿಲಿಗೆ ಬೆವೆತ ಹೂವಿನ ಕಟು ವಾಸನೆ ಬಸ್ಸಿನೊಳಗೆಲ್ಲ ತುಂಬಿತು. ಪಕ್ಕದ ಸೀಟಿನ ಹೆಂಗಸು ಕಿಟಕಿಯ ಕಡೆ ಬಗ್ಗಿ, "ಏನ್ ಗಮ್ ಅಂತದ ನೋಡವ್ವ" ಎಂದರು. ನಾನು ಕಿಟಕಿಯ ಗಾಜು ಎಳೆದೆ.

"ಯಾಕವ್ವ ಮುಚ್ಬುಟ್ಟೆ? ತಲೆನೋವಾ?"

"ಹೌದು" ಎಂದೆ. ತಲೆನೋವೇನೂ ಇರಲಿಲ್ಲ. ಹೂವಿನ ವಾಸನೆಗೆ ಹೆದರುತ್ತೇನೆಂದು ಅಪರಿಚಿತರಿಗೆ ಹೇಳುವುದು ಹೇಗೆ?

ಅಪ್ಪನಿಗೆ ಗುಂಡ್ಲುಪೇಟೆಗೆ ವರ್ಗವಾದ ವರ್ಷದ ಮಳೆಗಾಲವದು. ನಾನು ಎಂಟನೇ ತರಗತಿ, ತಮ್ಮ ಇನ್ನಾಸಿ ನಾಲ್ಕನೆಯದು. ತಾತ ಇನ್ನಾಸಪ್ಪನ ಹೆಸರನ್ನೇ ಅವನಿಗೆ ಇಟ್ಟಿದ್ದರು. ಈಗ ಅವನು ಮೈಸೂರಿನಲ್ಲಿ ನರ್ಸ್ ಆಗಿದ್ದಾನೆ. ಇದನ್ನು ಬರೆಯಲೇ ಎಂದು ಕೇಳಿದಾಗ, "ಬರಿ. ಆದ್ರೆ ನನ್ನ ಸಂತನ್ನ ಮಾಡ್ಬೇಡ" ಎಂದ. ಮಾಡುವುದಿಲ್ಲ. ಅವನು ಸಂತನಾಗಿರಲಿಲ್ಲ, ವಿಪರೀತ ಹೆದರಿದ ಹುಡುಗನಾಗಿದ್ದ.

ಅಪ್ಪ ಅರಣ್ಯ ಇಲಾಖೆಯಲ್ಲಿ ಜೀಪ್ ಡ್ರೈವರ್. ಚಾಮರಾಜನಗರದಲ್ಲಿ ನಮ್ಮ ಮನೆ ಚರ್ಚಿನ ಹತ್ತಿರವೇ ಇತ್ತು, ಸುತ್ತ ನಮ್ಮವರೇ. ಗುಂಡ್ಲುಪೇಟೆಯಲ್ಲಿ ಸಿಕ್ಕಿದ ಬಾಡಿಗೆ ಮನೆಯ ಬೀದಿಯಲ್ಲಿ ಎಲ್ಲರೂ ಲಿಂಗಾಯತರು. ಮನೆಯ ಯಜಮಾನ ಮಾದಪ್ಪನವರು, ಅವರ ಹೆಂಡತಿ ಪುಟ್ಟತಾಯಮ್ಮ, ಇನ್ನಾಸಿಯ ಕ್ಲಾಸಿನಲ್ಲೇ ಓದುತ್ತಿದ್ದ ಅವರ ಮೊಮ್ಮಗ ಶಿವು, ಮೂವರೂ ನಮ್ಮ ಗೋಡೆಯ ಆಚೆ ಇದ್ದರು. ಮನೆ ಕೊಡುವಾಗ ಪುಟ್ಟತಾಯಮ್ಮ ಇಟ್ಟದ್ದು ಒಂದೇ ಷರತ್ತು. "ನೀವು ಯಾವ್ ದೇವ್ರಿಗಾರ ಕೈ ಮುಗ್ಕಳಿ, ನಂಗೇನಿಲ್ಲ. ಒಲೆ ಮ್ಯಾಲೆ ಮಾತ್ರ ಕೋಳಿ ಕೂಗ್ಬಾರ್ದು ಕಣವ್ವ." ಅಮ್ಮ ಒಪ್ಪಿಕೊಂಡಳು. ಮೀನಿನ ಗಾಡಿಯವನು ಬೀದಿಯಲ್ಲಿ ಕೂಗಿಕೊಂಡು ಹೋದಾಗಲೆಲ್ಲ ಅಪ್ಪ, "ಕಿವಿ ಮುಚ್ಕಳಿ ಎಲ್ರೂ, ಪ್ರಲೋಭನೆ ಬಂತು" ಎಂದು ನಗಿಸುತ್ತಿದ್ದ. ಜೂನ್ ತಿಂಗಳ ಮೊದಲ ವಾರದವರೆಗೆ ಅಪ್ಪ ಹಾಗೆ ನಗಿಸುವ ಮನುಷ್ಯನೇ ಆಗಿದ್ದ.

ಅಪ್ಪನ ಜೀಪಿನಲ್ಲಿ ಯಾವಾಗಲೂ ಜೊತೆಗಿರುತ್ತಿದ್ದವನು ಕಾಡಿನ ವಾಚರ್ ಬೊಮ್ಮಣ್ಣ. ಒಮ್ಮೆ ನಮ್ಮ ಮನೆಗೂ ಬಂದಿದ್ದ. ಒಳಗೆ ಬಾ ಎಂದರೂ ಬಾರದೆ ಜಗಲಿಯ ಮೇಲೆ ಕೂತು ಕಾಫಿ ಕುಡಿದ. ಇನ್ನಾಸಿ, ಆನೆ ಬಂದರೆ ಹೇಗೆ ಗೊತ್ತಾಗುತ್ತದೆ ಎಂದು ಕೇಳಿದ್ದಕ್ಕೆ, "ಕಾಣಕ್ಕೆ ಮುಂಚೆ ವಾಸ್ನೆ ಬತ್ತದ ಮರಿ. ಮೂಗು ಚೂಪಾಗಿಟ್ಕಂಡಿರು" ಎಂದು ಅವನ ಮೂಗು ಹಿಂಡಿದ.

ಜೂನ್ ಮೊದಲ ವಾರದ ಒಂದು ಮಧ್ಯಾಹ್ನ ಅಪ್ಪ ಹೊತ್ತಲ್ಲದ ಹೊತ್ತಿನಲ್ಲಿ ನಡೆದುಕೊಂಡು ಮನೆಗೆ ಬಂದ. ಚಪ್ಪಲಿ ಇರಲಿಲ್ಲ. ಹಿತ್ತಲಿನ ನಲ್ಲಿಯ ಕೆಳಗೆ ಕೈ ಹಿಡಿದು ಬಹಳ ಹೊತ್ತು ತೊಳೆದುಕೊಂಡ. ಅಮ್ಮ ನಲ್ಲಿ ನಿಲ್ಲಿಸಿದಾಗ, "ಬೊಮ್ಮಣ್ಣ ಹೋದ" ಎಂದ. ದಾರಿಗೆ ಬಿದಿರುಮೆಳೆ ಅಡ್ಡ ಬಿದ್ದಿತ್ತು, ಕಡಿಯಲು ಇಳಿದ, ಪೊದೆಯ ಹಿಂದೆ ಒಂಟಿ ಸಲಗ ಇತ್ತು. ಅಷ್ಟು ಮಾತ್ರ. ಒಂದು ವಾರದ ರಜೆ ಮುಗಿದ ಮೇಲೆ ಅದೇ ಜೀಪು, ಅದೇ ಕಾಡಿನ ದಾರಿ.

ಅಂದಿನಿಂದ ನಮ್ಮ ಮನೆಯಲ್ಲಿ ಸಂಜೆ ಎನ್ನುವುದು ಹೆದರುವ ಹೊತ್ತಾಯಿತು. ಅಪ್ಪ ಆರು ಗಂಟೆಗೆ ಬರಬೇಕು. ಐದಕ್ಕೇ ಅಮ್ಮ ಮೊರ ಹಿಡಿದು, ಆಗಲೇ ಆರಿಸಿಟ್ಟಿದ್ದ ಅಕ್ಕಿಯನ್ನು ಮತ್ತೆ ಆರಿಸುತ್ತಿದ್ದಳು. ನಾನು ಓದಿದ ಪುಟವನ್ನೇ ಓದುತ್ತಿದ್ದೆ. ಇನ್ನಾಸಿ ಬೀದಿಯ ತುದಿಗೆ ಹೋಗಿ ಮೂಗೆತ್ತಿ ಗಾಳಿಯನ್ನು ಮೂಸುತ್ತ ನಿಲ್ಲುತ್ತಿದ್ದ. ಆ ಕಾಲದಲ್ಲಿ ಊರಿನ ಸುತ್ತಲ ಹೊಲಗಳಲ್ಲೆಲ್ಲ ಚೆಂಡುಹೂವು. ಗಾಳಿ ಬಂದಾಗಲೆಲ್ಲ ಆ ವಾಸನೆಯೇ ಬರುತ್ತಿತ್ತು. "ಅಕ್ಕ, ಇದ್ರ ಮಧ್ಯೆ ಆನೆ ವಾಸ್ನೆ ಬಂದ್ರೆ ಹೆಂಗ್ ಗೊತ್ತಾಯ್ತದೆ?" ಎಂದು ಕೇಳುತ್ತಿದ್ದ. ಬೀದಿಯ ತಿರುವಿನಲ್ಲಿ ಅಪ್ಪನ ಕೆಮ್ಮು ಕೇಳಿಸಿದ ಮೇಲೆ ಅಮ್ಮ ಮೊರ ಕೆಳಗಿಡುತ್ತಿದ್ದಳು.

ಇನ್ನೊಂದು ಬದಲಾವಣೆಯನ್ನು ನಾವು ನೋಡಿದ್ದು ಚರ್ಚಿನಲ್ಲಿ. ಭಾನುವಾರದ ಪೂಜೆಯಲ್ಲಿ ಎಲ್ಲರೂ ಸಾಲಾಗಿ ಎದ್ದು ಹೋಗಿ ಫಾದರ್ ಕೈಯಿಂದ ಪರಮ ಪ್ರಸಾದ ತೆಗೆದುಕೊಳ್ಳುತ್ತಾರೆ. ನಾಲಿಗೆಯ ಮೇಲೆ ಇಡುವ ಆ ತೆಳ್ಳಗಿನ ಬಿಳಿ ಬಿಲ್ಲೆ ನಮಗೆ ಯೇಸುಸ್ವಾಮಿಯೇ. ದೊಡ್ಡ ಪಾಪ ಮಾಡಿದವರು, ಅದನ್ನು ಫಾದರ್‌ಗೆ ಹೇಳಿ ಪಾಪನಿವೇದನೆ ಮಾಡುವವರೆಗೆ, ಅದನ್ನು ಮುಟ್ಟುವಂತಿಲ್ಲ. ಆದ್ದರಿಂದ ನಮ್ಮಲ್ಲಿ ಎದ್ದು ಹೋಗುವವರನ್ನು ಯಾರೂ ನೋಡುವುದಿಲ್ಲ, ಕೂತೇ ಇರುವವರನ್ನು ಎಲ್ಲರೂ ನೋಡುತ್ತಾರೆ. ಬೊಮ್ಮಣ್ಣ ಸತ್ತ ನಂತರದ ಭಾನುವಾರ ಅಪ್ಪ ಬೆಂಚಿನಲ್ಲೇ ಕೂತ. ಮುಂದಿನ ಭಾನುವಾರವೂ. ಅಮ್ಮ ಅವನ ಮೊಣಕಾಲು ದಾಟಿಕೊಂಡು ಸಾಲಿಗೆ ಹೋಗಬೇಕಾಯಿತು. ಇನ್ನೂ ಪ್ರಸಾದಕ್ಕೆ ವಯಸ್ಸಾಗದ ಇನ್ನಾಸಿ ಅಪ್ಪನ ಪಕ್ಕ ಕೂತು ಅವನ ಮುಖವನ್ನೇ ನೋಡುತ್ತಿದ್ದ.

ಜುಲೈನಲ್ಲಿ ಶಿವುವಿಗೆ ಲಿಂಗದೀಕ್ಷೆಯಾಯಿತು. ಕೊರಳಲ್ಲಿ ದಾರ, ದಾರದಲ್ಲಿ ಬೆಳ್ಳಿಯ ಪುಟ್ಟ ಕರಡಿಗೆ, ಅದರೊಳಗೆ ಇಷ್ಟಲಿಂಗ. ಜಗಲಿಯ ಮೇಲೆ ಕೂತು ಅವನು ಇನ್ನಾಸಿಗೆ ಹೇಳುತ್ತಿದ್ದುದು ಒಳಗಿದ್ದ ನನಗೆ ಕೇಳಿಸುತ್ತಿತ್ತು.

"ಇದ್ರೊಳ್ಗೆ ದೇವ್ರು ಅವ್ನೆ ಕಣ್ಲಾ. ಉಣ್ಣುವಾಗ್ಲೂ ಅವ್ನೆ, ಮಲಗ್ದಾಗ್ಲೂ ಅವ್ನೆ. ಆನೆ ಬಂದ್ರೂ ನಾನ್ ಎದ್ರಲ್ಲ."

"ನಾ ಮುಟ್ಲಾ?"

"ಮುಟ್ಟಂಗಿಲ್ಲ ಕಣ್ಲಾ. ನಿಂದೆಲ್ಲಿ, ನಿನ್ ದೇವ್ರು?"

"ಚರ್ಚಲ್ಲಿ."

"ಬಂಡೀಪುರದಲ್ಲಿ ಆನೆ ಬಂದ್ರೆ ಅಲ್ಲಿಂದ ಓಡ್ಬತ್ತನಾ ಅವ್ನು?" ಶಿವು ನಕ್ಕ. ನಂತರ ದನಿ ತಗ್ಗಿಸಿ, "ಆದ್ರೆ ಇದ್ನ ಕಳ್ಕಬಾರ್ದು. ಕಳ್ಕಂಡ್ರೆ ಬದುಕ್ಬಾರ್ದು" ಎಂದ.

ಇನ್ನಾಸಿ ಎದ್ದ. ಒಳಗೆ ಬಂದವನು ನನ್ನನ್ನು ಕೇಳಿದ: "ಅಕ್ಕ, ಪ್ರಸಾದ ತಗೊಂಡೋರ ಒಳ್ಗೆ ಯೇಸುಸ್ವಾಮಿ ಇರ್ತಾರೆ ತಾನೆ? ಹಂಗಾದ್ರೆ ಅಪ್ಪನ ಒಳ್ಗೆ ಈಗ ಯಾರಿದಾರೆ?"

ಆ ವರ್ಷ ಇನ್ನಾಸಿಯದು ಪ್ರಥಮ ಪರಮಪ್ರಸಾದ. ಆಗಸ್ಟ್ ಹದಿನೈದು, ಮಾತೆ ಮರಿಯಮ್ಮನವರ ಸ್ವರ್ಗಾರೋಹಣದ ಹಬ್ಬಕ್ಕೆ ಇಟ್ಟುಕೊಂಡಿದ್ದರು. ಭಾನುವಾರದ ಜ್ಞಾನೋಪದೇಶದ ಕ್ಲಾಸಿನಲ್ಲಿ ಕೇರಳದ ಸಿಸ್ಟರ್ ಒಬ್ಬರು ಆಶೀರ್ವಾದ ಮಾಡದ ಬರಿಯ ಬಿಲ್ಲೆಗಳನ್ನು ಕೊಟ್ಟು ಅಭ್ಯಾಸ ಮಾಡಿಸುತ್ತಿದ್ದರು. "ಮೋನೇ, ಮಗಾ, ಹಲ್ಲು ತಾಗಬಾರದು. ಅಗಿದರೆ ಯೇಸುವಿಗೆ ನೋವಾಗುತ್ತದೆ. ನಾಲಿಗೆ ಮೇಲೆ ಕರಗಬೇಕು. ಆಮೇಲೆ ಬೆಂಚಿಗೆ ಬಂದು ಎರಡೂ ಕೈಯಲ್ಲಿ ಮುಖ ಮುಚ್ಚಿ ಪ್ರಾರ್ಥನೆ." ಬೇರೆ ಹುಡುಗರು ಕಿಸಿಕಿಸಿ ನಗುತ್ತ ಬಿಲ್ಲೆಗಳನ್ನು ಚಿಪ್ಸಿನಂತೆ ಕಡಿದರು. ಇನ್ನಾಸಿಯ ಬಿಲ್ಲೆ ಎಷ್ಟು ಹೊತ್ತಾದರೂ ಬಾಯಲ್ಲಿ ಕರಗದೆ ಉಳಿಯುತ್ತಿತ್ತು. ಹೆದರಿ ಅವನ ಬಾಯಿ ಒಣಗಿ ಹೋಗುತ್ತದೆಂದು ಸಿಸ್ಟರ್ ಅಮ್ಮನಿಗೆ ಹೇಳಿದರು.

ಹಬ್ಬದ ದಿನ ಬೆಳಿಗ್ಗೆ ಚರ್ಚಿನ ಅಂಗಳದಲ್ಲಿ ಮೊದಲು ಬಾವುಟ ಹಾರಿಸಿ ಆಮೇಲೆ ಪೂಜೆ. ಮಕ್ಕಳೆಲ್ಲ ಬಿಳಿ ಬಟ್ಟೆ ತೊಟ್ಟು, ಬೊಗಸೆಯಲ್ಲಿ ಚೆಂಡುಹೂವು ಹಿಡಿದು ಮೆರವಣಿಗೆಯಲ್ಲಿ ಬಂದರು. ಇನ್ನಾಸಿ ನಾಲಿಗೆ ಚಾಚಿದ, ತೆಗೆದುಕೊಂಡ, ಬೆಂಚಿಗೆ ಬಂದು ಕಲಿಸಿದ ಹಾಗೆಯೇ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ. ಕೈಯಲ್ಲಿ ಹೊಸ ಬಿಳಿ ಕರವಸ್ತ್ರವಿತ್ತು. ಅಮ್ಮನ ಕಣ್ಣು ತುಂಬಿ ಬಂತು. ಎಷ್ಟು ಭಕ್ತಿಯಿಂದ ಕೂತಿದ್ದಾನೆ ಎಂದುಕೊಂಡೆವು.

ಅವನು ಅದನ್ನು ನುಂಗಿರಲಿಲ್ಲ.

ಇದು ನನಗೆ ಗೊತ್ತಾದದ್ದು ಎರಡು ವಾರ ಕಳೆದ ಮೇಲೆ. ಆ ಎರಡು ವಾರಗಳಲ್ಲಿ ಅವನು ನಮ್ಮ ಕಣ್ಣ ಮುಂದೆಯೇ ಸಣ್ಣಗಾಗುತ್ತ ಹೋದ. ಊಟದ ತಟ್ಟೆ ಹಾಗೇ ಉಳಿಯುತ್ತಿತ್ತು. ಒಬ್ಬನೇ ಬಚ್ಚಲಿಗೆ ಹೋಗುತ್ತಿರಲಿಲ್ಲ. ಹಬ್ಬದ ನಂತರದ ಭಾನುವಾರದ ಕ್ಲಾಸಿನಲ್ಲಿ ಸಿಸ್ಟರ್, ಎಲ್ಲೋ ಯಾವಾಗಲೋ ಒಬ್ಬಳು ಪ್ರಸಾದವನ್ನು ನುಂಗದೆ ಬಟ್ಟೆಯಲ್ಲಿ ಕಟ್ಟಿ ಮನೆಗೆ ಒಯ್ದ ಕತೆ ಹೇಳಿದ್ದರು. ದಾರಿಯಲ್ಲಿ ಆ ಬಟ್ಟೆಯಿಂದ ರಕ್ತ ತೊಟ್ಟಿಕ್ಕಿತಂತೆ. ನಮಗೆಲ್ಲ ಹೇಳಿದ ಹಳೆಯ ಕತೆಯೇ, ಅವರಿಗೆ ಯಾರೋ ಹೇಳಿದ್ದು. ಇನ್ನಾಸಿ ಮನೆಗೆ ಓಡಿ ಬಂದು ಟ್ರಂಕಿನಲ್ಲಿದ್ದ ಕರವಸ್ತ್ರ ತೆಗೆದು ನೋಡಿದ. ಅದರ ನಡುವೆ ಕೆಂಪಾದ ಕಲೆ. ಚೆಂಡುಹೂವು ಹಿಡಿದಿದ್ದ ಕೈಯಲ್ಲೇ ಅದನ್ನು ಹಿಡಿದಿದ್ದ. ಹೂವಿನ ಬಣ್ಣ ಹತ್ತಿ ಒಣಗಿತ್ತು. ಅದನ್ನು ಯೋಚಿಸುವ ಸ್ಥಿತಿಯಲ್ಲಿ ಅವನಿರಲಿಲ್ಲ. ಬಾವಿಯ ಕಡೆಯ ಬೇಲಿಯಲ್ಲಿ ಕರವಸ್ತ್ರವನ್ನು ತುರುಕಿ ಬಂದು ಚಳಿಜ್ವರ ಬಂದವನಂತೆ ಮಲಗಿದ.

ಅದೇ ದಿನ ಸಂಜೆಯ ಪೂಜೆಯಲ್ಲಿ ಅವನು ಪ್ರಸಾದದ ಸಾಲಿಗೆ ಏಳಲಿಲ್ಲ. ಹಿಂದಿನ ವಾರವಷ್ಟೇ ಮೊದಲ ಪ್ರಸಾದ ತೆಗೆದುಕೊಂಡ ಹುಡುಗ ಬೆಂಚಿನಲ್ಲಿ ಅಪ್ಪನ ಪಕ್ಕ ಕೂತೇ ಇದ್ದ. ಈಗ ಅಮ್ಮ ಇಬ್ಬರ ಮೊಣಕಾಲು ದಾಟಬೇಕಾಯಿತು. ಮುಂದಿನ ಬೆಂಚಿನ ಹೆಂಗಸರು ತಿರುಗಿ ನೋಡಿದರು. ಮನೆಗೆ ಬರುವ ದಾರಿಯಲ್ಲಿ ಅಮ್ಮ, "ಅಪ್ಪನ್ನ ನೋಡ್ಕಂಡು ಕಲ್ತ್ಯಾ?" ಎಂದು ಅವನಿಗೆ ಹೇಳಿದಳು. ಅದು ಅಪ್ಪನಿಗೆ ಕೇಳಲಿ ಎಂದೇ ಹೇಳಿದ್ದು. ಅಪ್ಪ ಕೇಳಿಸಿಕೊಂಡ. ಕೊಡೆಯನ್ನು ಅಮ್ಮನ ಕೈಗೆ ಕೊಟ್ಟು ಮಳೆಯಲ್ಲೇ ಮುಂದೆ ನಡೆದ.

ಅಪ್ಪ ಬೆಳಿಗ್ಗೆ ಬೇಗ ಆಫೀಸಿಗೆ ಹೋಗಿ ಜೀಪು ತೆಗೆದುಕೊಂಡು, ಎಂಟು ಗಂಟೆಗೆ ತಿಂಡಿಗೆಂದು ಮನೆಗೆ ಬಂದು, ಅಲ್ಲಿಂದ ಬಂಡೀಪುರದ ಕಡೆ ಹೋಗುತ್ತಿದ್ದ. ಅವನು ತಿಂಡಿ ತಿನ್ನುವಷ್ಟು ಹೊತ್ತು ಜೀಪಿನ ಗಾಜು ಒರೆಸುವುದು ಇನ್ನಾಸಿಯ ಕೆಲಸ. ಒಂದು ಬೆಳಿಗ್ಗೆ ನಾನು ಸ್ಕೂಲಿಗೆ ಹೊರಟಾಗ ಅವನು ಗಾಜು ಒರೆಸುವುದು ಬಿಟ್ಟು ಜೀಪಿನೊಳಗೆ ಮಂಡಿಯೂರಿ ಕೂತಿದ್ದ. ಡ್ರೈವರ್ ಸೀಟಿನ ಎದುರಿಗಿದ್ದ ಖಾನೆಗೆ ಬಾಯಿ ಹಚ್ಚಿ ಏನೋ ಪಿಸುಗುಡುತ್ತಿದ್ದ. ನಾನು ಹಿಂದಿನಿಂದ ಹೋಗಿ ಕೈ ಹಿಡಿದೆ. ಕೈಯಲ್ಲಿ ತಲೆನೋವಿನ ಮುಲಾಮಿನ ಹಳೆಯ ಡಬ್ಬಿ. ಮುಚ್ಚಳ ತೆಗೆದೆ. ಒಳಗೆ, ಅಂಚು ಕರಗಿ ಸುರುಟಿಕೊಂಡಿದ್ದ, ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಉಳಿದಿದ್ದ ಬಿಳಿ ಬಿಲ್ಲೆ.

ನನಗೆ ತಕ್ಷಣ ಗೊತ್ತಾಯಿತು. ಮುಚ್ಚಳ ಹಾಕಿದೆ. ಅದು ಸರಿಯಾಗಿ ಕೂರಲಿಲ್ಲ, ಮತ್ತೆ ಒತ್ತಿದೆ.

"ಯಾಕೋ?"

"ಅಪ್ಪ ಪ್ರಸಾದ ತಗೊಳ್ತಿಲ್ವಲ್ಲ. ಕಾಡಿಗೆ ಒಬ್ರೇ ಹೋಯ್ತಾರೆ. ಅದ್ಕೆ ಹಬ್ಬದ ದಿನಾನೇ ನಂದನ್ನ ಕರವಸ್ತ್ರದಿಂದ ತೆಗ್ದು ಇಲ್ಲಿ ಇಟ್ಟೆ."

"ಫಾದರ್‌ಗೆ ಹೇಳ್ಬೇಕು ಇನ್ನಾಸಿ. ಪಾಪನಿವೇದನೆ ಮಾಡ್ಬೇಕು."

ಅದನ್ನೆಲ್ಲ ಅವನು ಆಗಲೇ ಯೋಚಿಸಿ ಮುಗಿಸಿದ್ದ. ಲೆಕ್ಕ ಹೇಳುವವನ ಹಾಗೆ ಹೇಳಿದ: "ಹೇಳಿದ್ರೆ ಫಾದರ್ ತಂದ್ಕೊಡು ಅಂತಾರೆ. ತೆಗೆದ್ರೆ ಅಪ್ಪ ಸತ್ತೋಯ್ತಾರೆ. ಹೇಳ್ದೆ ಇದ್ರೆ ನಾನು ನರಕಕ್ಕೆ ಹೋಯ್ತೀನಿ. ನಾನೇ ಹೋಯ್ತೀನಿ ಬುಡು ಅಕ್ಕ."

ಅಪ್ಪ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದ. ನಾವು ಕೆಳಗಿಳಿದೆವು. ಡಬ್ಬಿ ಖಾನೆಯಲ್ಲೇ ಉಳಿಯಿತು. ನನಗಾಗ ಹದಿಮೂರು ವರ್ಷ. ನರಕವನ್ನೂ ನಂಬುತ್ತಿದ್ದೆ, ಆ ಡಬ್ಬಿಯನ್ನೂ ನಂಬುತ್ತಿದ್ದೆ. ಜೀಪು ತಿರುವು ದಾಟುವವರೆಗೆ ಇಬ್ಬರೂ ಕೈ ಹಿಡಿದುಕೊಂಡು ನಿಂತಿದ್ದೆವು. ಅಂದು ಸ್ಕೂಲಿನಲ್ಲಿ ಏನು ಪಾಠವಾಯಿತೋ ಗೊತ್ತಿಲ್ಲ.

ಅಲ್ಲಿಂದ ಮುಂದಿನ ದಿನಗಳನ್ನು ನೆನೆದರೆ ನನಗೆ ಈಗಲೂ ಅವನ ಕಣ್ಣುಗಳು ಕಾಣುತ್ತವೆ. ಮಳೆ ಬಿಟ್ಟೂ ಬಿಡದೆ ಹಿಡಿದಿತ್ತು. ಗೋಪಾಲಸ್ವಾಮಿ ಬೆಟ್ಟ ದಿನವಿಡೀ ಮೋಡದೊಳಗೆ. ಬೆಳಿಗ್ಗೆ ಅವನು ಡಬ್ಬಿ ತೆರೆದು ನೋಡಿ ನನ್ನ ಕಡೆ ತಲೆಯಾಡಿಸುತ್ತಿದ್ದ, ಇದೆ ಎಂದು. ಸಂಜೆ ಅಪ್ಪನ ಕೆಮ್ಮು ಕೇಳಿದಾಗ ಇನ್ನೊಮ್ಮೆ ತಲೆಯಾಡಿಸುತ್ತಿದ್ದ. ಉಳಿದ ಹೊತ್ತು ಕೂತಲ್ಲೇ ಸಣ್ಣಗೆ ನಡುಗುತ್ತಿದ್ದ. ಪುಟ್ಟತಾಯಮ್ಮ ಅವನ ಹಣೆ ಮುಟ್ಟಿ ನೋಡಿ, "ಜ್ವರ ಇಲ್ಲ ಕಣಮ್ಮಿ, ಮಗ ಎದ್ರುಕೊಂಡದ. ಯಾರ್ ಎದ್ರಿಸಿದ್ದು?" ಎಂದು ನನ್ನನ್ನೇ ಕೇಳಿದರು.

ಸೆಪ್ಟೆಂಬರಿನ ಮೊದಲ ದಿನಗಳಲ್ಲಿ ಒಂದು ಗುರುವಾರ. ಅಪ್ಪ ತಿಂಡಿ ತಿನ್ನುತ್ತಿದ್ದ. ನಾನು ಜಡೆ ಹಾಕಿಕೊಳ್ಳುತ್ತಿದ್ದೆ. ಹೊರಗಿನಿಂದ ಒಂದು ಕೂಗು ಕೇಳಿಸಿತು. ಮನುಷ್ಯರ ಕೂಗಿನ ಹಾಗಿರಲಿಲ್ಲ. ಓಡಿ ಹೋಗಿ ನೋಡಿದರೆ, ಇನ್ನಾಸಿ ಜೀಪಿನ ಮುಂದೆ ಕೆಸರಿನಲ್ಲಿ ಅಂಗಾತ ಮಲಗಿದ್ದ. ಒಂದು ಕೈ ಮುಂದಿನ ಚಕ್ರವನ್ನು ತಬ್ಬಿಕೊಂಡಿತ್ತು. ಇನ್ನೊಂದು ಕೈಯ ಮುಷ್ಟಿಯಲ್ಲಿ ಡಬ್ಬಿ.

"ಹೋಗ್ಬೇಡ ಅಪ್ಪ! ಇವತ್ತು ಹೋಗ್ಬೇಡ!"

ಅಪ್ಪ ಎಂಜಲು ಕೈಯಲ್ಲೇ ಹೊರಗೆ ಬಂದ. "ಏಳ್ಲಾ ಮ್ಯಾಕೆ! ಏನಾಯ್ತು ನಿಂಗೆ? ಬೀದಿ ಜನ ನೋಡ್ತಾವ್ರೆ ಏಳು!" ರಟ್ಟೆ ಹಿಡಿದು ಎಳೆದ. ಇನ್ನಾಸಿ ಚಕ್ರ ಬಿಡಲಿಲ್ಲ. ಎಳೆದಷ್ಟೂ ಚಕ್ರಕ್ಕೆ ಅಂಟಿಕೊಂಡ. ಅಪ್ಪನ ಕೈ ಹೊಡೆಯಲು ಮೇಲೆದ್ದಿತು. ಬೊಮ್ಮಣ್ಣ ಸತ್ತ ಮೇಲೆ ಅಪ್ಪ ದನಿ ಎತ್ತಿದ್ದೇ ಅಂದು. ಅಮ್ಮ ನಡುವೆ ನುಗ್ಗಿದಳು. ಪುಟ್ಟತಾಯಮ್ಮನೂ ಶಿವುವೂ ಜಗಲಿಗೆ ಬಂದರು.

"ಡಬ್ಬೀಲಿ ಯಾರೂ ಇಲ್ಲ!" ಇನ್ನಾಸಿ ಚೀರಿದ. "ಯಾರೂ ಇಲ್ಲ ಅಪ್ಪ, ಖಾಲಿ ಆಗೋಯ್ತು! ನಾನು ಕಳ್ಕಂಡೆ. ದೇವ್ರ ಕಳ್ಕಂಡ್ರೆ ಬದುಕ್ಬಾರ್ದಂತೆ. ಶಿವು ಹೇಳವ್ನೆ."

ಎಲ್ಲರೂ ಶಿವುವಿನ ಕಡೆ ತಿರುಗಿದರು. ಅವನು ಕರಡಿಗೆಯನ್ನು ಅಂಗಿಯೊಳಗೆ ಇಳಿಬಿಟ್ಟು ಅಜ್ಜಿಯ ಹಿಂದೆ ಸರಿದ.

"ಯಾವಾಗ್ಲಾ ಏಳ್ದೆ ನೀನು ಇದ್ನ?" ಪುಟ್ಟತಾಯಮ್ಮ ಅವನ ಕಿವಿ ಹಿಡಿದರು. "ನಿಮ್ಮಜ್ಜ ಕೆರೇಲಿ ಈಜಕ್ಕೋಗಿ ಎರಡ್ ಸಲ ಕಳ್ಕಂಡವ್ರೆ. ಮಠದಲ್ಲಿ ಬಯ್ದು ಇನ್ನೊಂದ್ ಕಟ್ಟುದ್ರು. ಬದುಕ್ನಿಲ್ವ ಅವ್ರು? ಒಳಗ್ ಕೂತ್ಕಂಡ್ ಇಡ್ಲಿ ತಿಂತಾವ್ರೆ!"

"ಬೀದಿಗೆಲ್ಲ ಸಾರ್ಕಂಡ್ ಬಾ" ಎಂದು ಒಳಗಿನಿಂದ ಮಾದಪ್ಪನವರ ದನಿ ಬಂತು.

ಯಾರೂ ನಗಲಿಲ್ಲ. ಅಪ್ಪನ ಮುಖ ನೋಡಿದವರು ನಗುವ ಹಾಗಿರಲಿಲ್ಲ. ಎತ್ತಿದ ಕೈಯನ್ನು ಕೆಳಗಿಳಿಸಿ, ಇನ್ನಾಸಿಯ ಪಕ್ಕ ಕೆಸರಿನಲ್ಲೇ ಕುಕ್ಕರುಗಾಲಲ್ಲಿ ಕೂತ. ಯೂನಿಫಾರ್ಮಿನ ಅಂಚು ನೀರಿನಲ್ಲಿ ನೆನೆಯುತ್ತಿತ್ತು. ಡಬ್ಬಿಯನ್ನೇ ನೋಡಿದ.

"ನೀನ್ ಕಳ್ಕಂಡಿಲ್ಲ" ಎಂದ. "ನಾನು ತಗೊಂಡೆ."

ಇನ್ನಾಸಿ ಅಳು ನಿಲ್ಲಿಸಿದ.

"ನಿನ್ನೆ ಬೆಂಕಿಪೊಟ್ಣ ಹುಡುಕ್ತಿದ್ದೆ, ಕೈಗೆ ಸಿಕ್ತು. ಇರುವೆ ಹತ್ಕಂಡಿದ್ದೊ. ನೋಡುದ್ ತಕ್ಷಣ ಗೊತ್ತಾಯ್ತು, ಏನು ಅಂತಾನೂ, ಯಾರ್ ಇಟ್ಟಿದ್ದು ಅಂತಾನೂ. ಬಿಸಾಕಕ್ಕಾಯ್ತದಾ ಅದ್ನ? ಜೀಪ್ ನಿಲ್ಲಿಸ್ಬುಟ್ಟು ಇಳ್ದು ಮಂಡಿ ಊರಿ ತಗೊಂಡೆ. ಇರುವೆ ಸಮೇತ."

"ಎಲ್ಲಿ?"

"ಅಲ್ಲೆ. ಬೊಮ್ಮಣ್ಣನ್ನ ಬುಟ್ಟು ಬಂದ ಜಾಗದಲ್ಲಿ."

ಬೊಮ್ಮಣ್ಣ ಹೋದ ಎಂದಷ್ಟೇ ನಾವು ಮೂರು ತಿಂಗಳಿಂದ ಕೇಳಿದ್ದೆವು. ಬಿಟ್ಟು ಬಂದೆ ಎಂದು ಅಪ್ಪ ಹೇಳಿದ್ದು ಅದೇ ಮೊದಲು. ಅಮ್ಮ ಕೈಯನ್ನು ಬಾಯಿಗೆ ಒತ್ತಿಕೊಂಡಳು. ಅಪ್ಪ ಅಮ್ಮನ ಕಡೆ ನೋಡದೆ, ಮಗನಿಗೆ ಮಾತ್ರ ಹೇಳುತ್ತಿರುವಂತೆ, "ಆನೆ ಕಂಡೇಟ್ಗೆ ಜೀಪ್ನ ಹಿಂದಕ್ಕೆ ತಗ್ದುಬುಟ್ಟೆ. ಅವ್ನು ಮುಂದ್ಗಡೆ ಇದ್ದ. ಹತ್ಕಳ್ಳಿ ಅಂತ ನಿಲ್ಲುಸ್ನಿಲ್ಲ" ಎಂದ.

ಇನ್ನಾಸಿ ಎದ್ದು ಕೂತ. ಮುಖದ ತುಂಬ ಕೆಸರು. ಅವನ ತಲೆಯಲ್ಲಿ ಏನು ಓಡುತ್ತಿದೆಯೆಂದು ನನಗೆ ಗೊತ್ತಿತ್ತು, ಏಕೆಂದರೆ ಅದನ್ನೇ ನಾನೂ ಯೋಚಿಸುತ್ತಿದ್ದೆ. ಅವನು ಕೇಳಿಯೇ ಬಿಟ್ಟ.

"ಪಾಪನಿವೇದನೆ ಮಾಡ್ದೆ ತಗೊಂಡ್ಯಾ ಅಪ್ಪ?"

"ಹ್ಞೂಂ. ಮಾಡ್ದೆ."

"ಹಂಗಾದ್ರೆ ನೀನೂ ನರಕಕ್ಕೆ ಹೋಯ್ತೀಯ."

ಅಪ್ಪ ಅವನ ಕೆನ್ನೆಯ ಕೆಸರನ್ನು ಹೆಬ್ಬೆರಳಿನಲ್ಲಿ ಒರೆಸಿದ. "ಹೋಗನ ಬುಡು" ಎಂದ. "ನೀನೊಬ್ನೇ ಹೆಂಗ್ ಹೋಯ್ತೀಯ? ಇಬ್ರೂ ಹೋಗನ."

ಅಂದು ಅಪ್ಪ ಆಫೀಸಿಗೆ ಫೋನ್ ಮಾಡಿ ರಜೆ ಹೇಳಿದ. ಇನ್ನಾಸಿ ಸ್ನಾನ ಮಾಡಿ, ಅಮ್ಮ ಕಲಸಿಕೊಟ್ಟ ಅನ್ನ ತಿಂದು ಸಂಜೆಯವರೆಗೆ ಮಲಗಿದ. ಅಮ್ಮ ಅಪ್ಪನ ಯೂನಿಫಾರ್ಮಿನ ಕೆಸರನ್ನು ಕಲ್ಲಿನ ಮೇಲೆ ಉಜ್ಜುತ್ತ ಕೂತಿದ್ದಳು. ಅಪ್ಪ ಹತ್ತಿರ ಹೋಗಿ ನಿಂತಾಗ, "ಶನಿವಾರ ಹೋಗ್ಬಾ, ಅವ್ನ್ನೂ ಕರ್ಕಂಡೋಗು" ಎಂದಳು, ಅಷ್ಟೆ.

ಶನಿವಾರ ಸಂಜೆ ಐದಕ್ಕೆ ಪಾಪನಿವೇದನೆ. ನಾವು ನಾಲ್ವರೂ ಹೋದೆವು. ಮಳೆ ನಿಂತಿರಲಿಲ್ಲ. ಚರ್ಚಿನಲ್ಲಿ ನಮ್ಮನ್ನು ಬಿಟ್ಟರೆ ಕಡೆಯ ಬೆಂಚಿನಲ್ಲಿ ಜಪಸರ ಹಿಡಿದ ಒಬ್ಬ ಅಜ್ಜಿ. ಮೂಲೆಯಲ್ಲಿ ಮರದ ಪೆಟ್ಟಿಗೆಯಂಥ ಪುಟ್ಟ ಕೋಣೆ, ಅದಕ್ಕೆ ನೇರಳೆ ಬಣ್ಣದ ಪರದೆ. ಒಳಗೆ ಫಾದರ್ ಕೂತಿದ್ದರು. ಅಲ್ಲಿ ಹೇಳಿದ್ದನ್ನು ಅವರು ಸಾಯುವವರೆಗೆ ಯಾರಿಗೂ ಹೇಳುವಂತಿಲ್ಲ, ಹೊರಗಿನವರು ಕೇಳಿಸಿಕೊಳ್ಳುವಂತಿಲ್ಲ. ಆದ್ದರಿಂದ ಸರದಿಗೆ ಕಾಯುವವರು ದೂರದ ಬೆಂಚಿನಲ್ಲೇ ಇರಬೇಕು.

ಇನ್ನಾಸಿ ಮೊದಲು ಹೋದ. ಬೇಗ ಹೊರಗೆ ಬಂದ. ಫಾದರ್ ಏನೆಂದರೆಂದು ನನಗೆ ಇಂದಿಗೂ ಗೊತ್ತಿಲ್ಲ, ನಾನು ಕೇಳಿಲ್ಲ. ಅವನು ಪೀಠದ ಮುಂದೆ ಮಂಡಿಯೂರಿ, ಪ್ರಾಯಶ್ಚಿತ್ತಕ್ಕೆಂದು ಫಾದರ್ ಕೊಟ್ಟ ಪ್ರಾರ್ಥನೆ ಮುಗಿಸಿ ನನ್ನ ಪಕ್ಕ ಬಂದು ಕೂತ. ಭುಜ ನನ್ನ ತೋಳಿಗೆ ತಗುಲಿತು, ನಡುಗುತ್ತಿರಲಿಲ್ಲ. ಆಮೇಲೆ ಅಪ್ಪ ಚಪ್ಪಲಿ ಬಿಟ್ಟು ಪರದೆಯ ಒಳಗೆ ಹೋದ.

ಬಹಳ ಹೊತ್ತಾಯಿತು. ಅಜ್ಜಿ ಜಪಸರ ಮುಗಿಸಿ ಎದ್ದು ಹೋದರು. ಕಿಟಕಿಯ ಬೆಳಕು ಬೂದಿಯ ಬಣ್ಣಕ್ಕೆ ತಿರುಗಿತು.

"ಅಕ್ಕ, ಅಪ್ಪ ಯಾಕಿನ್ನೂ ಬರ್ಲಿಲ್ಲ?"

"ಬರ್ತಾರೆ."

ಪರದೆಯ ಒಳಗಿನಿಂದ ಒಂದು ಶಬ್ದ ಬಂತು. ಮಾತಲ್ಲ. ದೊಡ್ಡ ಗಂಡಸು ಅಳುವುದನ್ನು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ, ಅದಕ್ಕೇ ಅದೇನೆಂದು ಗೊತ್ತಾಗಲು ತಡವಾಯಿತು. ಅಮ್ಮ ತಲೆ ಬಗ್ಗಿಸಿದಳು. ಇನ್ನಾಸಿಗೆ ಗೊತ್ತಾಯಿತು. ಬೆಂಚಿನಿಂದ ಇಳಿದ. ನಾನು ಅಂಗಿ ಹಿಡಿಯುವಷ್ಟರಲ್ಲಿ ಅವನು ಬೆಂಚುಗಳ ನಡುವಿನ ದಾರಿಯಲ್ಲಿ ಬರಿಗಾಲಲ್ಲಿ ನಡೆದು ಹೋಗಿದ್ದ. ಹೋಗಿ, ಯಾರೂ ನಿಲ್ಲಬಾರದ ಜಾಗದಲ್ಲಿ, ಪರದೆಗೆ ಮೊಣಕೈ ತಾಗುವಷ್ಟು ಹತ್ತಿರ ನಿಂತ. ನಮ್ಮ ಕಡೆ ಮುಖ ಮಾಡಿ, ಪರದೆಗೆ ಬೆನ್ನು ಕೊಟ್ಟು, ಎರಡೂ ಅಂಗೈಗಳಿಂದ ಕಿವಿಗಳನ್ನು ಬಿಗಿಯಾಗಿ ಮುಚ್ಚಿಕೊಂಡ.

ಅಪ್ಪ ಹೊರಗೆ ಬರುವವರೆಗೆ ಹಾಗೇ ನಿಂತಿದ್ದ.